ಮದ್ರಸಕ್ಕೆ ತಿಂಗಳಿಗೊಂದು ಭಾನುವಾರ ರಜೆ ಕೊಡುವ

ನಮ್ಮ ಮಕ್ಕಳಿಗೆ ವಾರದಲ್ಲಿ ಪೂರ್ತಿ ರಜೆ ಯಾವ ದಿನ? ಮನೆಯಲ್ಲಿ ಕೂತು ಒಮ್ಮೆ ಲೆಕ್ಕ ಹಾಕಿ ನೋಡಿ. ಶುಕ್ರವಾರ ಮದ್ರಸಕ್ಕೆ ರಜೆ, ಆದರೆ ಆ ದಿನ ಶಾಲೆ ಉಂಟು. ಭಾನುವಾರ ಶಾಲೆಗೆ ರಜೆ, ಆದರೆ ಆ ದಿನ ಮದ್ರಸ ಉಂಟು. ಅದೂ ಅನೇಕ ಕಡೆ ಬೇರೆ ದಿನಕ್ಕಿಂತ ಹೆಚ್ಚು ಹೊತ್ತು. ರಮಳಾನ್, ಎರಡು ಪೆರ್ನಾಲ್, ಬೇಸಿಗೆ ರಜೆಯ ಕೆಲವು ದಿನ ಬಿಟ್ಟರೆ, ಐದು ವರ್ಷಕ್ಕೆ ಮದ್ರಸದ ಬೆಂಚಿನಲ್ಲಿ ಕೂತ ಮಗುವಿಗೆ ಬೆಳಗಿನಿಂದ ಸಂಜೆವರೆಗೆ ತಂದೆ ತಾಯಿಯ ಕೈ ಹಿಡಿದು ಹೊರಗೆ ಹೋಗುವ ಒಂದೇ ಒಂದು ದಿನ ಕ್ಯಾಲೆಂಡರಿನಲ್ಲಿ ಇಲ್ಲ.

ಈ ಮಾತನ್ನು ಮದ್ರಸದಲ್ಲಿ ಕಲಿಸುವವರೇ ಹೇಳಬೇಕು. ಬೇರೆಯವರು ಹೇಳಿದರೆ ದೀನಿ ಕಲಿಕೆಯ ಮೇಲೆ ಅಸಡ್ಡೆ ಅಂತ ಆಗ್ತದೆ. ಆದ್ದರಿಂದ ನಾವೇ ಹೇಳ್ತೇವೆ: ತಿಂಗಳಿಗೆ ಒಂದು ಭಾನುವಾರ ಮದ್ರಸಕ್ಕೆ ರಜೆ ಕೊಡಿ. ಆ ದಿನ ಮಕ್ಕಳನ್ನು, ಅದರಲ್ಲೂ ಹತ್ತು ವರ್ಷದೊಳಗಿನ ಸಣ್ಣವರನ್ನು, ಮನೆಯವರು ಹೊರಗೆ ಕರೆದುಕೊಂಡು ಹೋಗಲಿ.

ಇದನ್ನು ಹೇಳಿದ ಕೂಡಲೇ ಬರುವ ಮೊದಲ ಮಾತು ದುಡ್ಡಿನದ್ದು. "ಉಸ್ತಾದ್, ನಾಲ್ಕು ಜನ ಹೊರಗೆ ಹೋದರೆ ಸಾವಿರದ ನೋಟು ಎಷ್ಟು ಬೇಕು ಗೊತ್ತುಂಟಾ?" ಗೊತ್ತುಂಟು. ಆದರೆ ಹೊರಗೆ ಹೋಗುವುದು ಎಂದರೆ ಏನು ಅಂತ ನಾವು ತಿಳಿದುಕೊಂಡಿದ್ದೇವೆ, ಅಲ್ಲೇ ತೊಡಕು ಇರುವುದು. ಬಾಡಿಗೆ ಕಾರು, ಮಾಲ್, ಅಲ್ಲಿ ಮಕ್ಕಳ ಆಟದ ಯಂತ್ರಕ್ಕೆ ಕಾರ್ಡು ಉಜ್ಜುವುದು, ವಾಟರ್ ಪಾರ್ಕಿನ ಟಿಕೆಟ್, ಬರುವಾಗ ಮಂದಿ ಹೋಟೆಲು. ಇಷ್ಟಾದರೆ ಮಾತ್ರ ಅದು 'ಟೂರ್'. ಇದಕ್ಕೆ ಗಲ್ಫಿನಿಂದ ಉಪ್ಪ ಬರಬೇಕು. ಉಪ್ಪ ಬರುವುದು ವರ್ಷಕ್ಕೋ ಎರಡು ವರ್ಷಕ್ಕೋ ಒಂದು ಸಲ. ಬಂದ ಮೇಲೆ ಮದುವೆ, ನಿಶ್ಚಿತಾರ್ಥ, ಕಾಯಿಲೆಯವರ ಭೇಟಿ, ಜಾಗದ ಕಾಗದಪತ್ರ ಎಂದು ರಜೆ ಮುಗಿಯುತ್ತದೆ. ವಿಮಾನ ಹತ್ತುವ ಎರಡು ದಿನ ಮುಂಚೆ ಗಡಿಬಿಡಿಯಲ್ಲಿ ಒಂದು ರೆಸಾರ್ಟು. ಮಕ್ಕಳು ಈಜುಕೊಳದ ನೀರಲ್ಲಿ, ದೊಡ್ಡವರು ಮೊಬೈಲಲ್ಲಿ. ಉಪ್ಪ ಇಲ್ಲದ ಉಳಿದ ತಿಂಗಳುಗಳಲ್ಲಿ ಮಗುವಿನ ಹೊರಗಿನ ಲೋಕ ಎಂದರೆ ಶಾಲೆಯ ವ್ಯಾನು ಮತ್ತು ಮದುವೆ ಹಾಲು.

ಕರಾವಳಿಯವರಾದ ನಾವು ಈಗ ಕೆಲಸದ ನಿಮಿತ್ತ ಇರುವುದು ಬೆಳಗಾವಿ ಜಿಲ್ಲೆ ರಾಯಬಾಗ ತಾಲೂಕಿನ ಅಲಖನೂರ ಎಂಬ ಹಳ್ಳಿಯಲ್ಲಿ. ಸಮುದ್ರ ಇಲ್ಲ, ಬೆಟ್ಟ ಇಲ್ಲ, ತೆಂಗಿನ ತೋಟ ಇಲ್ಲ. ಕಬ್ಬು, ಗೋವಿನಜೋಳ, ಬಿಳಿಜೋಳದ ಹೊಲಗಳು, ಮೇಲೆ ಆಕಾಶ. ಇಲ್ಲಿಗೆ ಬಂದ ಹೊಸದರಲ್ಲಿ ಎಂಥ ಊರಪ್ಪಾ ಇದು, ಮಕ್ಕಳನ್ನು ಕರೆದುಕೊಂಡು ಹೋಗಲಿಕ್ಕೆ ಒಂದು ಜಾಗ ಇಲ್ಲ ಅಂತ ಯಾರಿಗಾದರೂ ಅನಿಸಬೇಕು. ಆದರೆ ಮನೆಮಂದಿ ಎಲ್ಲ ಸೇರಿ, ಖರ್ಚಿಲ್ಲದೆ, ಒಂದು ಇಡೀ ದಿನ ಹೊರಗೆ ಕಳೆಯುವುದು ಹೇಗೆ ಎಂದು ಈ ಸೀಮೆಯವರಿಗೆ ಗೊತ್ತಿರುವಷ್ಟು ನಮ್ಮ ಕಡೆ ಈಗ ಗೊತ್ತಿಲ್ಲ.

ಡಿಸೆಂಬರ್ ಕೊನೆಗೋ ಜನವರಿಗೋ ಎಳ್ಳು ಅಮಾವಾಸ್ಯೆ ಬರುತ್ತದೆ. ಆ ದಿನ ರೈತರ ಮನೆಗೆ ಬೀಗ. ಚಕ್ಕಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ, ಈಗ ಬೈಕಿನಲ್ಲೂ ಅಜ್ಜಿಯಿಂದ ಹಿಡಿದು ಮೊಲೆ ಹಾಲು ಕುಡಿಯುವ ಕೂಸಿನವರೆಗೆ ಎಲ್ಲರೂ ಹೊಲಕ್ಕೆ. ಬುಟ್ಟಿಯಲ್ಲಿ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಶೇಂಗಾ ಹೋಳಿಗೆ, ಬದನೆಕಾಯಿ ಪಲ್ಯ, ಗಡಿಗೆಯಲ್ಲಿ ಮೊಸರು. ಅವರು ಭೂಮಿಗೆ ಪೂಜೆ ಮಾಡಿ ಚರಗ ಚೆಲ್ಲುತ್ತಾರೆ. ಅದು ಅವರ ನಂಬಿಕೆ, ನಮ್ಮದಲ್ಲ. ಅದರಲ್ಲಿ ನಮಗೆ ಪಾಲಿಲ್ಲ, ಅವರಿಗೂ ಅದು ಗೊತ್ತುಂಟು. ಆದರೆ ಪೂಜೆ ಮುಗಿದ ಮೇಲೆ ಊಟಕ್ಕೆ ಮಾತ್ರ ಯಾವ ಜಾತಿ ಧರ್ಮದ ನೆರೆಯವರನ್ನೂ ಬಿಡುವುದಿಲ್ಲ. "ಬರ್ರಿ ಮೌಲಾನಾ, ಹುಡುಗರನ್ನೂ ಕರ್ಕೊಂಡ ಬರ್ರಿ" ಅಂತ ಹಿಂದಿನ ದಿನವೇ ಹೇಳಿ ಹೋಗುತ್ತಾರೆ. ಅವರ ಪೂಜೆಯ ಎಡೆ ಬಿಟ್ಟು ನಮಗೆ ಬೇರೆ ಬುತ್ತಿ ತೆಗೆದಿಡುವ ಸೂಕ್ಷ್ಮವೂ ಅವರಿಗುಂಟು. ಮರದ ನೆರಳಿಗೆ ದುಪ್ಪಟಿ ಹಾಸಿ ಕೂತರೆ ಸಂಜೆಯಾಗುವುದೇ ತಿಳಿಯುವುದಿಲ್ಲ. ಮಕ್ಕಳು ಕಡಲೆಗಿಡ ಕಿತ್ತು ಹಸಿ ಕಾಯಿ ಬಿಡಿಸಿ ತಿನ್ನುತ್ತವೆ. ಬಿಳಿಜೋಳದ ಎಳೆ ತೆನೆಯನ್ನು ಸುಟ್ಟು ಬಡಿದು ಕೊಡುವ ಸೀತನಿಯ ದಿನಗಳು ಅದರ ಹಿಂದೆಯೇ ಬರುತ್ತವೆ, ಅದಕ್ಕೂ ಹೀಗೆಯೇ ಹೊಲಕ್ಕೆ ಹೋಗುವುದು. ಇಷ್ಟಕ್ಕೆಲ್ಲ ಖರ್ಚು ಎಷ್ಟು? ಮನೆಯಲ್ಲಿ ಹೇಗೂ ಮಾಡುವ ರೊಟ್ಟಿ, ಅಷ್ಟೇ.

ನಮ್ಮ ಕರಾವಳಿಯಲ್ಲೂ ಇದು ಇರಲಿಲ್ಲವೆಂದಲ್ಲ. ಉಮ್ಮನ ತವರಿಗೆ ಹೋಗುವುದೇ ಆಗ ಟೂರು. ಗುಡ್ಡೆಯಲ್ಲಿ ಗೇರುಹಣ್ಣು ಹೆಕ್ಕುವುದು, ತೋಡಿನಲ್ಲಿ ಬೈರಾಸಿನಿಂದ ಮೀನು ಹಿಡಿಯುವುದು, ಗದ್ದೆಯ ಹುಣಿಯಲ್ಲಿ ಓಡಿ ಬೀಳುವುದು. ಈಗ ಗುಡ್ಡೆ ಲೇಔಟ್ ಆಗಿದೆ, ತೋಡಿಗೆ ಕಾಂಕ್ರೀಟು, ಅಜ್ಜಿ ಕೂಡ ಫ್ಲ್ಯಾಟಿನ ಮೂರನೇ ಮಹಡಿಯಲ್ಲಿ. ಹಳತು ಹೋಯಿತು ಎಂದು ಅಳುತ್ತಾ ಕೂರುವುದಕ್ಕಲ್ಲ ಇದನ್ನು ಹೇಳುವುದು. ಮೊದಲು ತಾನಾಗಿ ಸಿಗುತ್ತಿದ್ದದ್ದನ್ನು ಈಗ ನಾವು ದಿನ ಗೊತ್ತುಮಾಡಿ ಹುಡುಕಿಕೊಂಡು ಹೋಗಬೇಕು.

ಇದು ಬರೀ ಮೋಜಿನ ವಿಷಯ ಅಂತ ತಿಳಿಯಬೇಡಿ. ತರಗತಿಯಲ್ಲಿ ಇದರ ಕೊರತೆ ನಮಗೆ ದಿನಾ ಕಾಣುತ್ತದೆ. ಫಿಕ್‌ಹ್ ಪಾಠದಲ್ಲಿ ನೀರಿನ ಅಧ್ಯಾಯ ಬರುತ್ತದೆ. ಹರಿಯುವ ನೀರು, ನಿಂತ ನೀರು, ಎರಡು ಕುಲ್ಲತ್ತಿಗಿಂತ ಕಡಿಮೆ ನೀರು, ಹೆಚ್ಚು ನೀರು. ಮಕ್ಕಳು ಬಾಯಿಪಾಠ ಒಪ್ಪಿಸುತ್ತವೆ, ತಪ್ಪಿಲ್ಲದೆ. ಆದರೆ 'ಹರಿಯುವ ನೀರು ಎಲ್ಲಿ ನೋಡಿದ್ದಿ?' ಎಂದು ಕೇಳಿದರೆ ನಳ್ಳಿಯನ್ನು ತೋರಿಸುತ್ತವೆ. ನೇತ್ರಾವತಿಯಿಂದ ಎರಡು ಕಿಲೋಮೀಟರ್ ದೂರದ ಮಗುವೂ ಹೀಗೆಯೇ ಹೇಳಿದರೆ ಅದು ಮಗುವಿನ ದೋಷವೇ? ವುಳೂಗೆ ನೀರು ಮಿತವಾಗಿ ಬಳಸಬೇಕು ಎಂದು ನಾವು ಎಷ್ಟು ಸಲ ಹೇಳಿದರೂ, ಬೇಸಿಗೆಯಲ್ಲಿ ಬತ್ತಿ ಕಲ್ಲು ಕಾಣುವ ಹೊಳೆಯನ್ನು ಒಮ್ಮೆ ನೋಡಿ ಬಂದ ಮಗುವಿಗೆ ಆ ಮಾತು ಹಿಡಿಯುವಷ್ಟು ಉಳಿದವರಿಗೆ ಹಿಡಿಯುವುದಿಲ್ಲ.

ಚಂದ್ರನ ವಿಷಯವನ್ನೇ ತೆಗೆದುಕೊಳ್ಳಿ. ಹಿಜರಿ ತಿಂಗಳು ಚಂದ್ರ ನೋಡಿ ಶುರುವಾಗುವುದು ಎಂದು ಒಂದನೇ ತರಗತಿಯಿಂದ ಕಲಿಸುತ್ತೇವೆ. ಆದರೆ ನಮ್ಮ ಮಕ್ಕಳಿಗೆ ಚಂದ್ರ ಕಾಣುವುದು ವಾಟ್ಸ್‌ಆ್ಯಪಿನಲ್ಲಿ. ಇಲ್ಲಿ ಅಲಖನೂರಿನ ಬಯಲಲ್ಲಿ ನಿಂತರೆ ಪಡುವಣ ದಿಕ್ಕು ಕೊನೆಯವರೆಗೆ ಬಿಚ್ಚಿಕೊಂಡಿರುತ್ತದೆ. ಮೋಡ ಇಲ್ಲದಿದ್ದರೆ ಇಪ್ಪತ್ತೊಂಬತ್ತರ ಮಗ್ರಿಬಿನ ಹೊತ್ತಿಗೆ ಹುಡುಗರು ತಾವೇ ಹುಡುಕಲು ಶುರುಮಾಡುತ್ತವೆ. ಕರಾವಳಿಯಲ್ಲಿ ಗುಡ್ಡೆ ಮತ್ತು ತೆಂಗಿನ ಮರ ಅಡ್ಡ ಬರುತ್ತದೆ ನಿಜ, ಆದರೆ ಪಡುವಣಕ್ಕೆ ಇಡೀ ಅರಬ್ಬೀ ಸಮುದ್ರ ತೆರೆದುಕೊಂಡಿದೆಯಲ್ಲ. ಉಳ್ಳಾಲದವರು, ಸುರತ್ಕಲಿನವರು, ಕಾಪುವಿನವರು, ಮಲ್ಪೆಯವರು ರಮಳಾನಿಗೆ ಮಾತ್ರ ಕಾಯದೆ ಯಾವುದೇ ತಿಂಗಳ ಇಪ್ಪತ್ತೊಂಬತ್ತಕ್ಕೆ ಅಸರ್ ಕಳಿಸಿಕೊಂಡು ಮಕ್ಕಳನ್ನು ಕಡಲ ಬದಿಗೆ ಕರೆದುಕೊಂಡು ಹೋಗಬಹುದು. ಒಂದು ಚಾಪೆ, ಒಂದು ಫ್ಲಾಸ್ಕ್ ಸುಲೈಮಾನಿ ಸಾಕು. ಚಂದ್ರ ಕಾಣದೆ ಹೋದರೂ ಆ ಸಂಜೆ ವ್ಯರ್ಥವಾಗುವುದಿಲ್ಲ.

ಆಟ, ತಿರುಗಾಟ ಎಲ್ಲ ಲಹ್‌ವ್, ದೀನಿಗೆ ದೂರ ಎನ್ನುವ ಹಿರಿಯರು ನಮ್ಮಲ್ಲಿ ಇದ್ದಾರೆ. ಅವರ ಕಾಳಜಿಯನ್ನು ಗೌರವಿಸುತ್ತೇವೆ. ಆದರೆ ನಬಿ (ಸ) ಮಕ್ಕಳೊಂದಿಗೆ ಹೇಗಿದ್ದರು ಎಂದು ಅವರೇ ನಮಗೆ ಕಲಿಸಿದ್ದು. ಅನಸ್ (ರ) ಅವರ ಪುಟ್ಟ ತಮ್ಮ ಅಬೂ ಉಮೈರ್ ಸಾಕಿದ್ದ ಸಣ್ಣ ಹಕ್ಕಿ ಸತ್ತಾಗ ಆ ಹಕ್ಕಿಯ ಬಗ್ಗೆ ವಿಚಾರಿಸಿ ಮಗುವನ್ನು ಮಾತಾಡಿಸಿದವರು ಅವರು. ಸುಜೂದಿನಲ್ಲಿರುವಾಗ ಮೊಮ್ಮಗ ಬೆನ್ನೇರಿದರೆ ಇಳಿಯುವವರೆಗೆ ತಲೆ ಎತ್ತದೆ ಕಾದವರು. ಆಯಿಶಾ (ರ) ಅವರ ಜೊತೆ ಓಟದ ಪಂದ್ಯ ಓಡಿದ್ದು, ಪೆರ್ನಾಲಿನ ದಿನ ಹಬಶೀಯರ ಈಟಿಯಾಟವನ್ನು ಅವರಿಗೆ ಸಾಕೆನಿಸುವವರೆಗೆ ತೋರಿಸುತ್ತ ನಿಂತದ್ದು, ಎಲ್ಲ ಹದೀಸಿನಲ್ಲಿ ಬಂದಿದೆ. ಭೂಮಿಯಲ್ಲಿ ಸಂಚರಿಸಿ ನೋಡಬೇಕೆಂಬ ಮಾತು ಕುರ್‌ಆನಿನಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಉಂಟು. ಅದು ವೀಸಾ ಇದ್ದವರಿಗೆ ಮಾತ್ರ ಹೇಳಿದ್ದಲ್ಲ. ಇಸ್ರಾಫ್ ಹರಾಮು ಎನ್ನುವುದೂ ಸರಿಯೇ. ಆದರೆ ಇಸ್ರಾಫ್ ಇರುವುದು ಮಾಲಿನಲ್ಲಿ, ಹೊಳೆ ಬದಿಯಲ್ಲಿ ಬುತ್ತಿ ಬಿಚ್ಚುವುದರಲ್ಲಲ್ಲ.

ಇನ್ನು ನಿಜವಾದ ಖರ್ಚಿನ ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ, ಹೆಣ್ಣುಮಕ್ಕಳಿಗೆ ಟಿಕೆಟಿಲ್ಲ. ಆರು ವರ್ಷದೊಳಗಿನ ಮಕ್ಕಳಿಗೆ ಮೊದಲಿನಿಂದಲೂ ಇಲ್ಲ. ಆರರಿಂದ ಹನ್ನೆರಡರವರೆಗಿನ ಗಂಡುಮಕ್ಕಳಿಗೆ ಅರ್ಧ. ಅಂದರೆ ಉಮ್ಮ, ಅಜ್ಜಿ, ಇಬ್ಬರು ಹೆಣ್ಣುಮಕ್ಕಳು, ಒಬ್ಬ ನಾಲ್ಕು ವರ್ಷದ ಹುಡುಗ, ಈ ಐದು ಜನ ಪೈಸೆ ಕೊಡದೆ ಊರು ದಾಟಬಹುದು. ಇಲ್ಲಿ ವಾಯವ್ಯ ಸಾರಿಗೆಯ ಕೆಂಪು ಬಸ್ಸುಗಳಲ್ಲಿ ಭಾನುವಾರ ನೋಡಬೇಕು, ಹೆಂಗಸರು ಮಕ್ಕಳು ತುಂಬಿ ತುಳುಕುತ್ತಾರೆ. ಗೋಕಾಕ ಜಲಪಾತಕ್ಕೆ, ಕುಡಚಿ ದರ್ಗಾಕ್ಕೆ, ಅಥಣಿ ದಾರಿಯಾಗಿ ವಿಜಯಪುರಕ್ಕೆ. ಗೋಕಾಕದಲ್ಲಿ ಘಟಪ್ರಭೆ 52 ಮೀಟರ್ ಎತ್ತರದಿಂದ ಬೀಳುವುದನ್ನು ನೋಡಲು ಜುಲೈಯಿಂದ ಸೆಪ್ಟೆಂಬರ್ ಒಳ್ಳೆ ಕಾಲ. ಬೇಸಿಗೆಯಲ್ಲಿ ಹೋದರೆ ಬರೀ ಬಂಡೆ. ಅಲ್ಲಿಂದ ದೂರವಲ್ಲದ ಧೂಪದಾಳದ ಒಡ್ಡಿನ ಹಿನ್ನೀರಿಗೆ ಚಳಿಗಾಲದಲ್ಲಿ ದೂರದೇಶದ ಕೊಕ್ಕರೆಗಳು ಬಂದಿಳಿಯುತ್ತವೆ. ಘಟಪ್ರಭಾ ಪಕ್ಷಿಧಾಮ ಅಂತಲೇ ಅದಕ್ಕೆ ಹೆಸರು. ರಾಯಬಾಗ, ಚಿಂಚಲಿ, ಕುಡಚಿ ಮೂರೂ ಕಡೆ ರೈಲ್ವೆ ಸ್ಟೇಷನ್ ಉಂಟು. ಸಣ್ಣ ಮಗುವಿಗೆ ಪ್ಯಾಸೆಂಜರ್ ರೈಲಿನ ಕಿಟಕಿಯೇ ಅರ್ಧ ಟೂರು ಆಗಿಹೋಗ್ತದೆ.

ವಿಜಯಪುರದ ಗೋಲಗುಮ್ಮಟಕ್ಕೆ ದೊಡ್ಡವರಿಗೆ ತಲಾ 25 ರೂಪಾಯಿ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟಿಲ್ಲ. ಪುರಾತತ್ತ್ವ ಇಲಾಖೆ ನೋಡಿಕೊಳ್ಳುವ ಎಲ್ಲ ಕೋಟೆ, ಗುಮ್ಮಟಗಳಿಗೂ ಮಕ್ಕಳ ಮಟ್ಟಿಗೆ ಇದೇ ನಿಯಮ, ಆದರೂ ಬಹಳ ಜನರಿಗೆ ಗೊತ್ತಿಲ್ಲ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿಯ ಮೇಲೆ ಅಷ್ಟು ದೊಡ್ಡ ಗುಮ್ಮಟ ಕಂಬವಿಲ್ಲದೆ ನಿಂತದ್ದನ್ನು ಮಗು ತಲೆ ಎತ್ತಿ ನೋಡಬೇಕು. ಮೇಲಿನ ಪಿಸುಗುಟ್ಟುವ ಮೊಗಸಾಲೆಗೆ ಹತ್ತುವ ಮೆಟ್ಟಿಲು ಕಡಿದು ಮತ್ತು ಇಕ್ಕಟ್ಟು. ಮೂರು ವರ್ಷದವರನ್ನು ಹೊತ್ತುಕೊಂಡೇ ಹತ್ತಬೇಕು, ಬೆಳಿಗ್ಗೆ ಬೇಗ ಹೋದರೆ ಗಲಾಟೆ ಕಡಿಮೆ. ಪೇಟೆಯ ಒಳಗೆ ಆದಿಲ್ ಶಾಹಿಗಳ ಜುಮ್ಮಾ ಮಸೀದಿ ಉಂಟು, ಅದಕ್ಕೆ ಟಿಕೆಟಿಲ್ಲ. ಕರಾವಳಿಯ ನಮ್ಮವರಿಗೆ ಇದೆಲ್ಲ ದೂರ ಆಯಿತು ಅನ್ನಿ. ಆದರೆ ಅದೇ ನಿಯಮ ಕಾಸರಗೋಡಿನ ಬೇಕಲ ಕೋಟೆಗೂ ಉಂಟು, ಅದು ನಮಗೆ ರೈಲಿನಲ್ಲಿ ಹೋಗಿ ಸಂಜೆಗೆ ಮನೆ ಸೇರುವ ದಾರಿ. ಶಕ್ತಿ ಟಿಕೆಟ್ ಮಾತ್ರ ಗಡಿಯಾಚೆ ನಡೆಯುವುದಿಲ್ಲ.

ಕರಾವಳಿಯಲ್ಲಿ ಇನ್ನೊಂದು ತೊಡಕು. ಮಂಗಳೂರು, ಉಡುಪಿ ಪೇಟೆಯೊಳಗೆ ಓಡುವ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿ, ಅವಕ್ಕೆ ಶಕ್ತಿ ಇಲ್ಲ. ಪುತ್ತೂರು, ಉಪ್ಪಿನಂಗಡಿ, ಬೆಳ್ತಂಗಡಿ ಕಡೆಯವರಿಗೆ ಸರ್ಕಾರಿ ಬಸ್ಸು ಸಿಗುತ್ತದೆ. ಪೇಟೆಯವರು ಟಿಕೆಟು ಕೊಡಲೇಬೇಕು. ಹಾಗಿದ್ದರೂ ಲೆಕ್ಕ ಅಷ್ಟೇನೂ ಏರುವುದಿಲ್ಲ. ಮಂಗಳೂರಿನಲ್ಲಿ ಒಂದು ದಿನ ಹೀಗೆ ಹೋಗಿ ನೋಡಿ.

ಬೆಳಿಗ್ಗೆ ಬಂದರಿನಲ್ಲಿ ಇಳಿಯಿರಿ. ಝೀನತ್ ಬಕ್ಷ್ ಮಸೀದಿಯಲ್ಲಿ ನಮಾಝಿನ ಹೊತ್ತು ಅಲ್ಲದಾಗ ಉಪ್ಪನೋ ಅಜ್ಜನೋ ಮಕ್ಕಳಿಗೆ ಮರದ ಕಂಬಗಳ ಕೆತ್ತನೆ ತೋರಿಸಲಿ. ಮಾಲಿಕ್ ದೀನಾರ್ ಸಂಗಡಿಗರ ಕಾಲದಿಂದ ಇರುವ ಮಸೀದಿ ಎಂಬ ಪ್ರತೀತಿ ಅದಕ್ಕೆ, ಟಿಪ್ಪುವಿನ ಕಾಲದಲ್ಲಿ ಹೊಸದಾಗಿ ಕಟ್ಟಿದ್ದು ಎನ್ನುತ್ತಾರೆ. ನಮ್ಮ ಹಿರಿಯರು ಹಡಗಿನ ವ್ಯಾಪಾರದವರು ಎಂದು ಪುಸ್ತಕದಲ್ಲಿ ಓದುವುದಕ್ಕಿಂತ ಆ ಮಸೀದಿಯಿಂದ ದಕ್ಕೆಗೆ ನಡೆದುಕೊಂಡು ಹೋಗುವುದು ಮೇಲು. ದಕ್ಕೆಯಲ್ಲಿ ದೋಣಿ, ಬಲೆ, ಐಸಿನ ಪೆಟ್ಟಿಗೆ, ಮೀನಿನ ರಾಶಿ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಆಗ ದೋಣಿಗಳೆಲ್ಲ ಒಂದಕ್ಕೊಂದು ತಾಗಿ ನಿಂತಿರುತ್ತವೆ, ಅದೂ ನೋಡಲು ಚಂದವೇ. ಅಲ್ಲಿಂದ ಬೋಳೂರಿಗೆ, ಸುಲ್ತಾನ್ ಬತ್ತೇರಿಗೆ. 1784ರಲ್ಲಿ ಟಿಪ್ಪು ಕಟ್ಟಿಸಿದ ಕರಿಕಲ್ಲಿನ ಕಾವಲು ಗೋಪುರ, ಸುತ್ತ ಕೋವಿಯ ಕಿಂಡಿಗಳು. ಮಕ್ಕಳಿಗೆ ಆ ಕಿಂಡಿಗಳಲ್ಲಿ ಇಣುಕಿದಷ್ಟೂ ಸಾಕಾಗುವುದಿಲ್ಲ. ನೋಡಲು ದುಡ್ಡಿಲ್ಲ. ಕೆಳಗೆ ಗುರುಪುರ ಹೊಳೆ. ಮಳೆಗಾಲ ಬಿಟ್ಟು ಬೇರೆ ಕಾಲದಲ್ಲಿ ಫೆರಿ ದೋಣಿ ಹತ್ತಿದರೆ ಆಚೆ ದಡವೇ ತಣ್ಣೀರುಬಾವಿ. ಮರದ ನೆರಳು ಉಂಟು, ಮರಳು ಉಂಟು, ಕಡಲು ಉಂಟು. ಊಟ ಮನೆಯಿಂದ ಕಟ್ಟಿಕೊಂಡದ್ದು. ನೈಪತ್ತಿರ್ ಸಂಜೆವರೆಗೆ ಕೆಡುವುದಿಲ್ಲ, ಒಣ ಪಲ್ಯವೋ ಮೊಟ್ಟೆಯೋ ಜೊತೆಗಿದ್ದರೆ ಸಾಕು. ಮೀನು ಸಾರು ಕಟ್ಟಿಕೊಂಡು ಹೋಗುವ ಸಾಹಸ ಬೇಡ. ಬಸ್ಸು, ದೋಣಿ, ಮಕ್ಕಳಿಗೆ ಒಂದೊಂದು ಕಟ್ಟು ಚರುಮುರಿ ಎಲ್ಲ ಸೇರಿಸಿದರೂ ಹೋಟೆಲಿನ ಒಂದು ಫುಲ್ ಮಂದಿಯ ಬಿಲ್ಲಿಗಿಂತ ಕಡಿಮೆಯೇ ಆಗ್ತದೆ. ಇನ್ನೊಂದು ಭಾನುವಾರ ಹಡಗಿನ ಆಕಾರದಲ್ಲಿ ಕಟ್ಟಿರುವ ಬಿಜೈಯ ಶ್ರೀಮಂತಿ ಬಾಯಿ ಮ್ಯೂಸಿಯಂ, ಮತ್ತೊಂದು ಭಾನುವಾರ ಕದ್ರಿ ಪಾರ್ಕು. ಪುತ್ತೂರಿನವರಿಗೆ ಪರ್ಲಡ್ಕದಲ್ಲಿ ಕಾರಂತರ ಬಾಲವನ ಉಂಟು. ಉಡುಪಿ ಕಡೆಯವರಿಗೆ ಕಾಪುವಿನ 1901ರ ದೀಪಸ್ತಂಭ.

ಒಂದು ಎಚ್ಚರಿಕೆ. ಜೂನ್‌ನಿಂದ ಸೆಪ್ಟೆಂಬರ್ ಮುಗಿಯುವವರೆಗೆ ಕಡಲಿಗೆ ಇಳಿಯುವ ಮಾತೇ ಬೇಡ. ದಡದಲ್ಲಿ ನಿಂತರೂ ಮಗುವಿನ ಕೈ ಬಿಡಬಾರದು. ಜೀವರಕ್ಷಕರು ಶಿಳ್ಳೆ ಹಾಕಿದರೆ ಅವರ ಜೊತೆ ವಾದ ಮಾಡುವ ದೊಡ್ಡವರನ್ನು ನಾವು ನೋಡಿದ್ದೇವೆ, ಅದನ್ನು ಪಕ್ಕದಲ್ಲಿ ನಿಂತ ಮಕ್ಕಳೂ ನೋಡುತ್ತವೆ. ಕೃಷ್ಣೆಯ ದಡದವರಿಗೆ 2019ರ ಪ್ರವಾಹದ ನೆನಪು ಇನ್ನೂ ಹೋಗಿಲ್ಲ, ಮಳೆಗಾಲದಲ್ಲಿ ಮಕ್ಕಳನ್ನು ಹೊಳೆಯ ಹತ್ತಿರವೂ ಸುಳಿಯಲು ಬಿಡುವುದಿಲ್ಲ. ಆ ಭಯ ನಮ್ಮವರಿಗೂ ಇರಲಿ.

ಈಗ ಹೆಚ್ಚು ಕಷ್ಟದ ವಿಷಯ. ಗಂಡ ಪರದೇಶದಲ್ಲಿರುವ ಹೆಂಗಸು ಮಕ್ಕಳನ್ನು ಕರೆದುಕೊಂಡು ಹೋಗುವುದು ಹೇಗೆ? ದೂರ ಪ್ರಯಾಣಕ್ಕೆ ಮಹ್ರಮ್ ಬೇಕೆಂಬ ಮಸ್‌ಅಲ ಉಂಟು, ಅದನ್ನು ನಾವು ಸಡಿಲ ಮಾಡುತ್ತಿಲ್ಲ. ಆದರೆ ಮನೆಯಿಂದ ಮೂರು ಕಿಲೋಮೀಟರಿನ ಕಡಲ ಬದಿಗೆ, ಪಾರ್ಕಿಗೆ, ಹಗಲು ಹೊತ್ತಿನಲ್ಲಿ, ಅತ್ತೆಯೋ ನಾದಿನಿಯೋ ಪಕ್ಕದ ಮನೆಯವರೋ ಜೊತೆಗಿರುವಾಗ ಹೋಗಿ ಬರುವುದಕ್ಕೆ ಆ ಮಸ್‌ಅಲವನ್ನು ಅಡ್ಡ ಹಿಡಿಯುವುದು ಸರಿಯಲ್ಲ. ಅದೇ ಹೆಂಗಸು ಒಬ್ಬಳೇ ಆಸ್ಪತ್ರೆಗೆ, ಬ್ಯಾಂಕಿಗೆ, ರೇಷನ್ ಅಂಗಡಿಗೆ, ಶಾಲೆಯ ಮೀಟಿಂಗಿಗೆ ಹೋಗಿ ಬರುತ್ತಾಳೆ. ಆಗ ಯಾರೂ ಮಸ್‌ಅಲ ಕೇಳುವುದಿಲ್ಲ. ಮಕ್ಕಳ ಕೆಲಸಕ್ಕೆ ಸರಿ, ಮಕ್ಕಳ ಸಂತೋಷಕ್ಕೆ ತಪ್ಪು ಎಂಬುದು ಯಾವ ಕಿತಾಬಿನ ಲೆಕ್ಕವೋ ತಿಳಿಯದು. ಎರಡು ಮೂರು ಮನೆಯವರು ಸೇರಿಕೊಂಡರೆ ಸಣ್ಣ ಮಕ್ಕಳ ಮೇಲೆ ಕಣ್ಣಿಡಲು ಕೈ ಜಾಸ್ತಿ, ಬುತ್ತಿಯೂ ಬಗೆಬಗೆ. ಅಜ್ಜಿಯನ್ನು ಮಾತ್ರ ಬಿಟ್ಟು ಹೋಗಬೇಡಿ.

ಬುರ್ಖಾ ಹಾಕಿಕೊಂಡು ಪಾರ್ಕಿನಲ್ಲಿ ಕೂರಲು ಈಗೀಗ ಹಿಂಜರಿಕೆ ಆಗ್ತದೆ, ಜನ ನೋಡುವ ಕಣ್ಣೇ ಬೇರೆಯಾಗಿದೆ ಎಂದು ತಾಯಂದಿರು ನಮ್ಮಲ್ಲಿ ಹೇಳುತ್ತಾರೆ. ಸುಳ್ಳಲ್ಲ. ಆದರೆ ಪಾರ್ಕು, ಕಡಲು, ಕೋಟೆ ಇವೆಲ್ಲ ಸರ್ಕಾರದ್ದು, ನಮ್ಮ ತೆರಿಗೆಯೂ ಅದರಲ್ಲಿ ಉಂಟು. ನಾವು ಹೋಗುವುದು ಬಿಟ್ಟಷ್ಟೂ ನಮ್ಮನ್ನು ಅಲ್ಲಿ ನೋಡುವುದು ಜನರಿಗೆ ಅಪರೂಪವಾಗುತ್ತದೆ. ಪಕ್ಕದ ಚಾಪೆಯ ಮಗು ನಮ್ಮ ಮಗುವಿನ ಚೆಂಡಿಗೆ ಓಡಿ ಬಂದರೆ ಎರಡೂ ಕಡೆಯ ತಾಯಂದಿರು ಹೇಗೂ ಮಾತಾಡಲೇಬೇಕಾಗುತ್ತದೆ. ಅಲಖನೂರಿನ ಹೊಲದಲ್ಲಿ ಇದು ನಮಗೆ ಹೊಸದಾಗಿ ಕಾಣಲಿಲ್ಲ, ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಗದ್ದೆ ಬದಿಯಲ್ಲೂ ಹೀಗೆಯೇ ಇತ್ತು ಎಂದು ಕೇಳಿದ್ದೇವೆ.

ಜಮಾಅತ್ ಕಮಿಟಿಯವರಲ್ಲಿ ಒಂದು ವಿನಂತಿಯೂ ಉಂಟು. ಹೊರಗೆ ಹೋಗುವ ಮನೆಯವರು ಅರ್ಧ ದಾರಿಯಲ್ಲಿ ವಾಪಸು ಬರುವುದಕ್ಕೆ ದೊಡ್ಡ ಕಾರಣ ಶೌಚಾಲಯ, ಎರಡನೆಯದು ನಮಾಝಿನ ಜಾಗ. ಹತ್ತಿರದ ತಿರುಗಾಟಕ್ಕೆ ಕಸ್ರ್, ಜಂಅ್ ಏನೂ ಇಲ್ಲ, ಳುಹರ್ ಹೊತ್ತಿಗೆ ಳುಹರ್, ಅಸರ್ ಹೊತ್ತಿಗೆ ಅಸರ್ ಆಗಲೇಬೇಕು. ಗಂಡಸರು ಹುಡುಗರು ಮಸೀದಿಗೆ ಹೋಗುತ್ತಾರೆ, ಹೆಂಗಸರು ಬಿಸಿಲಲ್ಲಿ ಗೇಟಿನ ಹೊರಗೆ ನಿಂತಿರುತ್ತಾರೆ. ಹೆದ್ದಾರಿ ಬದಿಯ ಕೆಲವು ಮಸೀದಿಗಳವರು ಪ್ರಯಾಣದ ಹೆಂಗಸರಿಗೆ ಬೇರೆ ಕೋಣೆ, ಬೇರೆ ವುಳೂ ಜಾಗ, ಶೌಚಾಲಯ ಮಾಡಿಕೊಟ್ಟಿದ್ದಾರೆ. ಕಡಲ ಬದಿಯ, ಪಾರ್ಕಿನ ಹತ್ತಿರದ ಮಸೀದಿಗಳವರೂ ಇದನ್ನು ಮಾಡಬಹುದು. ಗ್ರಾನೈಟ್ ಬದಲಾಯಿಸುವ ದುಡ್ಡಿನಲ್ಲಿ ಆಗುವ ಕೆಲಸ ಇದು.

ಕೊನೆಗೆ ಮದ್ರಸದ ಒಳಗಿನ ಆಕ್ಷೇಪ. ನಮ್ಮ ಸಹೋದ್ಯೋಗಿ ಉಸ್ತಾದರು ಹೇಳುತ್ತಾರೆ: ಭಾನುವಾರ ಬಿಟ್ಟರೆ ಪಾಠ ಮುಗಿಯುವುದಿಲ್ಲ. ಶಾಲೆಯ ದಿನಗಳಲ್ಲಿ ಮಕ್ಕಳು ಅರೆನಿದ್ದೆಯಲ್ಲಿ ಬರುತ್ತವೆ, ವ್ಯಾನು ಬಂತೆಂದು ಮಧ್ಯದಲ್ಲೇ ಏಳುತ್ತವೆ, ನಿಧಾನವಾಗಿ ಹಿಝ್‌ಬ್ ಕೇಳಲು, ಬರಹ ತಿದ್ದಲು ಭಾನುವಾರ ಒಂದೇ ಸಿಗುವುದು. ಈ ಮಾತಿನಲ್ಲಿ ಸತ್ಯ ಉಂಟು, ಅದಕ್ಕೇ ನಾವು ಪ್ರತಿ ಭಾನುವಾರ ಕೇಳುತ್ತಿಲ್ಲ. ಇನ್ನು ಕೆಲವು ತಂದೆಯರು, ರಜೆ ಕೊಟ್ಟರೆ ಯಾರು ಹೊರಗೆ ಕರೆದುಕೊಂಡು ಹೋಗ್ತಾರೆ ಉಸ್ತಾದ್, ಮಕ್ಕಳು ಮೊಬೈಲ್ ಹಿಡಿದು ಮಲಗುತ್ತವೆ ಎನ್ನುತ್ತಾರೆ. ಕೆಲವು ಮನೆಗಳಲ್ಲಿ ಹಾಗೆ ಆಗುತ್ತದೆ. ಅಂಥವರಿಗಾಗಿ ಮೊದಲ ಎರಡು ಮೂರು ತಿಂಗಳು ಮದ್ರಸವೇ ಮುಂದೆ ನಿಂತು ಮನೆಯವರನ್ನು ಒಟ್ಟಿಗೆ ಒಂದು ಹತ್ತಿರದ ಜಾಗಕ್ಕೆ ಕರೆಯಬಹುದು. ಮಕ್ಕಳನ್ನು ಬಸ್ಸಿನಲ್ಲಿ ತುಂಬಿ ಉಸ್ತಾದರು ಕರೆದುಕೊಂಡು ಹೋಗುವ ವರ್ಷದ ಟೂರಿನಂತೆ ಅಲ್ಲ, ತಂದೆ ತಾಯಿ ಮಕ್ಕಳು ಒಟ್ಟಿಗೆ, ಅವರವರ ಬುತ್ತಿ ಅವರವರದ್ದು. ಮುಂದಿನ ವಾರ ತರಗತಿಯಲ್ಲಿ ನೋಡಿ ಬಂದದ್ದನ್ನು ಹತ್ತು ಸಾಲು ಬರೆಸಿದರೆ ಬರಹದ ಪಾಠವೂ ಆಯಿತು.

ಲೆಕ್ಕ ಮಾಡಿ ನೋಡಿ. ವರ್ಷಕ್ಕೆ ಹನ್ನೆರಡು ಭಾನುವಾರ. ಅದರಲ್ಲಿ ರಮಳಾನ್ ಹೇಗೂ ರಜೆ. ಮಳೆ ಬಿರುಸಾಗಿ ಸುರಿಯುವ ಮೂರು ತಿಂಗಳು ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಯಾರೂ ಹೊರಡುವುದಿಲ್ಲ, ಆ ಭಾನುವಾರಗಳಲ್ಲಿ ಮದ್ರಸ ನಡೆಸಿಕೊಳ್ಳಲಿ. ಉಳಿದದ್ದು ಎಂಟು ದಿನ. ಶವ್ವಾಲಿನಲ್ಲಿ ಮದ್ರಸ ತೆರೆಯುವಾಗ ವರ್ಷದ ರಜೆಪಟ್ಟಿ ಗೋಡೆಗೆ ಅಂಟಿಸುತ್ತೇವೆ, ಅದನ್ನು ತಯಾರು ಮಾಡುವುದು ಅದಕ್ಕೂ ಮೊದಲು ಕಮಿಟಿಯ ಸಭೆಯಲ್ಲಿ. ಈ ಸಲ ಆ ಸಭೆಗೆ ಹೋಗುವ ಉಪ್ಪಂದಿರು ಫೀಸಿನ ವಿಷಯ ಮುಗಿದ ಮೇಲೆ ಎದ್ದು ಹೋಗದೆ, ಎಂಟು ಭಾನುವಾರಗಳ ತಾರೀಕು ಬರೆಸಿಕೊಂಡೇ ಬನ್ನಿ.